ಕುದುರೆಯ ಮುಂದೆ ಹೇಳಿದ ಕಥೆ

ಸಣ್ಣಕಥೆಯೊಂದರಲ್ಲಿ ಮನಸ್ಸಿನ ಕ್ಷೋಭೆ ಓದುಗನನ್ನು ಮುಟ್ಟುವುದು ಹೇಗೆ? ‘ಅವನು ಬಹಳ ದುಃಖಿತನಾಗಿದ್ದ’ ಎಂದು ಬರೆದಮಾತ್ರಕ್ಕೆ ನಮಗೆ ದುಃಖವಾಗುವುದಿಲ್ಲವಷ್ಟೆ. ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವುದು ರಷ್ಯದ ಆಂಟನ್ ಚೆಕಾಫ್ 1886ರಲ್ಲಿ, ತನ್ನ 26ನೆಯ ವಯಸ್ಸಿನಲ್ಲಿ, ಪ್ರಕಟಿಸಿದ ‘ತೊಸ್ಕಾ’ ಎಂಬ ಪುಟ್ಟ ಕಥೆ. ತೊಸ್ಕಾ ಎಂದರೆ ಬರಿಯ ಶೋಕವಲ್ಲ. ಹಂಬಲ, ಬೇಗುದಿ, ಒಳಗೇ ಕೊರೆಯುವ ಬೇಸರ ಎಲ್ಲವೂ ಆ ಮಾತಿನಲ್ಲಿ ಸೇರಿವೆ.

ಪೀಟರ್ಸ್‌ಬರ್ಗ್ ನಗರದ ಮುದಿ ಗಾಡಿಯವನು ಇಯೋನಾ. ಅದೇ ವಾರ ಅವನ ಮಗ ಆಸ್ಪತ್ರೆಯಲ್ಲಿ ಸತ್ತಿದ್ದಾನೆ. ಅದನ್ನು ಯಾರಲ್ಲಾದರೂ ಹೇಳಿಕೊಳ್ಳಬೇಕು. ಕಥೆ ಇಷ್ಟೆ.

ಮುಸ್ಸಂಜೆ. ಆಗತಾನೆ ಹೊತ್ತಿಸಿದ ದೀಪಗಳ ಸುತ್ತ ಒದ್ದೆ ಹಿಮ ಸುಳಿಯುತ್ತಿದೆ. ಮುದುಕ, ಕುದುರೆ ಇಬ್ಬರೂ ಬೆಳ್ಳಗಾಗಿದ್ದಾರೆ. ಮೈಮೇಲೆ ಬಿದ್ದದ್ದನ್ನು ಕೊಡವಿಕೊಳ್ಳುವ ಎಚ್ಚರವೂ ಅವನಿಗಿಲ್ಲ. ಸಾವಿನ ಸುದ್ದಿ ನಮಗಿನ್ನೂ ತಿಳಿದಿಲ್ಲ, ಅದರ ಭಾರ ಮಾತ್ರ ಆಗಲೇ ಕಣ್ಣಿಗೆ ಬಿದ್ದಿದೆ. ಭರತಮುನಿ ಎಣಿಸಿದ ಎಂಟು ಸಾತ್ತ್ವಿಕ ಭಾವಗಳಲ್ಲಿ ಮೊದಲನೆಯದು ಸ್ತಂಭ. ಶೋಕವೆಂದೊಡನೆ ಕಣ್ಣೀರನ್ನೇ ನೆನೆಯುವ ನಾವು ಅದನ್ನು ಮರೆತುಬಿಡುತ್ತೇವೆ.

ಆಮೇಲೆ ಬರುವುದು ಪುನರಾವೃತ್ತಿ. ಮಗ ಸತ್ತನೆಂಬ ಮಾತನ್ನು ಮುದುಕ ಮೂರು ಸಲ ಎತ್ತುತ್ತಾನೆ. ಪ್ರತಿಸಲವೂ ಅದು ತಡವರಿಸಿ ನಡುವೆಯೇ ತುಂಡಾಗುತ್ತದೆ; ಇದನ್ನು ಬರವಣಿಗೆಯ ಸ್ವರಭೇದ ಎನ್ನಬಹುದೇನೋ. ಸೇನಾಧಿಕಾರಿ ಏನಾಗಿತ್ತೆಂದು ಕೇಳಿ ಕಣ್ಣು ಮುಚ್ಚಿಕೊಳ್ಳುತ್ತಾನೆ. ಮೂವರು ತರುಣರಲ್ಲಿ ಗೂನುಬೆನ್ನಿನವನು, ಎಲ್ಲರೂ ಸಾಯುವವರೇ ಎಂದು ಗಾಡಿಯನ್ನು ಬೇಗ ಓಡಿಸಲು ಗದರುತ್ತಾನೆ. ಇವರು ಬೈಯುತ್ತಾರೆ, ಕುತ್ತಿಗೆಗೆ ಗುದ್ದುತ್ತಾರೆ. ಆದರೂ ಆ ಗದ್ದಲದಲ್ಲಿ ಮುದುಕನ ಒಂಟಿತನ ತುಸು ಕಡಿಮೆಯಾಗುತ್ತದೆ. ಬೈಗುಳವೂ ಬೇಕೆನಿಸುವಷ್ಟು ಒಂಟಿತನ! ಇದಕ್ಕಿಂತ ಕ್ರೂರವಾದ ವ್ಯಂಗ್ಯವನ್ನು ನಾನು ಹೆಚ್ಚು ಕಂಡಿಲ್ಲ. ಮೂರನೆಯವನು, ಒಬ್ಬ ಎಳೆಯ ಗಾಡಿಯವನು, ಮುಸುಕೆಳೆದು ನಿದ್ದೆ ಹೋಗಿರುತ್ತಾನೆ.

ನಡುವೆ ಒಂದು ಕಡೆ, ಈ ದುಃಖ ಹೊರಗೆ ಹರಿದರೆ ಲೋಕವೇ ಮುಳುಗೀತೆಂಬಂಥ ಉತ್ಪ್ರೇಕ್ಷೆ ಬರುತ್ತದೆ. ಮೆಚ್ಚುವವರು ಮೆಚ್ಚಲಿ, ಕಥೆ ಸಡಿಲವಾಗುವುದು ಅಲ್ಲಿಯೇ ಎಂದು ನನ್ನ ಎಣಿಕೆ.

ಅದರ ಜೀವವಿರುವುದು ಬೇರೆ ಕಡೆ. ರಾತ್ರಿ ಮುದುಕ ತಾನು ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಾನೆ: ಮಗನಿಗೆ ಕಾಯಿಲೆ ಬಂದ ಬಗೆ, ಪಟ್ಟ ಸಂಕಟ, ಸಾಯುವ ಮುಂಚೆ ಆಡಿದ ಮಾತು, ಶವಸಂಸ್ಕಾರ, ಸತ್ತವನ ಬಟ್ಟೆ ತರಲು ಆಸ್ಪತ್ರೆಗೆ ಹೋದದ್ದು. ಬರಿಯ ತಲೆಬರಹಗಳು. ಆ ಮಗ ಕೊನೆಗೆ ಆಡಿದ ಮಾತೇನು? ನಮಗೆ ತಿಳಿಯುವುದೇ ಇಲ್ಲ. ನಮ್ಮಲ್ಲಿಯೂ ಸಾವಿನ ಮನೆಗೆ ಹೋದವರು ‘ಹೇಗಾಯಿತು?’ ಎಂದು ಕೇಳುತ್ತಾರೆ. ಮನೆಯವರು ಬಂದವರಿಗೆಲ್ಲ ಮೊದಲಿನಿಂದ ಅದನ್ನೇ ಹೇಳುತ್ತಾರೆ. ಹೇಳುತ್ತ ಹೇಳುತ್ತ ಎದೆ ಹಗುರಾಗುತ್ತದೆ. ಇಯೋನಾನನ್ನು ಕೇಳಿದ ಒಬ್ಬನೂ ಉತ್ತರ ಮುಗಿಯುವವರೆಗೆ ಕಾಯಲಿಲ್ಲ.

ಕಡೆಗೆ ಅವನು ಲಾಯಕ್ಕೆ ಹೋಗಿ ತನ್ನ ಹೆಣ್ಣುಕುದುರೆಯ ಮುಂದೆ ನಿಲ್ಲುತ್ತಾನೆ. ಮಗನ ಹೆಸರನ್ನು ನಾವು ಕೇಳುವುದು ಅಲ್ಲಿ. ಅದೂ ರಷ್ಯನರು ಗೌರವಕ್ಕೆ ಕರೆಯುವಂತೆ, ತಂದೆಯ ಹೆಸರನ್ನು ಕೂಡಿಸಿ: ಕುಜ್ಮಾ ಇಯೋನಿಚ್. ನಿನಗೊಂದು ಮರಿಯಿದ್ದು ಅದು ಸತ್ತಿದ್ದರೆ, ಎಂದು ಕುದುರೆಯನ್ನೇ ಕೇಳುತ್ತಾನೆ. ಅದು ಹುಲ್ಲು ಮೆಲ್ಲುತ್ತ ಅವನ ಕೈಮೇಲೆ ಉಸಿರು ಬಿಡುತ್ತದೆ. ಅವನು ಎಲ್ಲವನ್ನೂ ಹೇಳಿಬಿಡುತ್ತಾನೆ. ಹೇಳಿದ್ದೇನೆಂಬುದನ್ನು ಚೆಕಾಫ್ ಬರೆದಿಲ್ಲ.