ಕ್ಯಾಮೆರಾ ಮುಖ ಗುರುತು ಹಿಡಿಯೋದು ಹ್ಯಾಂಗ?

ಸಂಕ್ರಮಣ ಬಂತೆಂದರೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಆ ಗದ್ದಲದಾಗ ಒಂದು ಸಣ್ಣ ಕೂಸು ತಪ್ಪಿಸಿಕೊಂಡಿತು ಅಂತ ತಿಳಿಯಿರಿ. ಮನೆಯಲ್ಲಿ ಅದರ ಫೋಟೋ ಇರುವುದು ಒಂದೇ, ಅದೂ ಎರಡು ವರ್ಷದ ಹಿಂದಿನದು. "ಎಲ್ಲಾ ಕಡೆ ಸಿ.ಸಿ. ಕ್ಯಾಮೆರಾ ಅದಾವಲ್ಲ, ಫೋಟೋ ಕೊಟ್ಟರ ಕಂಪ್ಯೂಟರ್ ಹುಡುಕಿ ಕೊಡ್ತದ" ಎಂದು ಯಾರಾದರೂ ಹೇಳಬಹುದು. ಇದು ಎಷ್ಟರ ಮಟ್ಟಿಗೆ ನಿಜ? ನೋಡೋಣ ಬನ್ನಿ.

ಮುಖ ಅಂಕಿಯಾಗುತ್ತದೆ

ಕುರಿ ಕಾಯುವವರು ನೂರು ಕುರಿಗಳಲ್ಲಿ ತಮ್ಮ ಕುರಿಯನ್ನು ಗುರುತು ಹಿಡಿಯುತ್ತಾರೆ. ಯಾಕೆಂದರೆ ದಿನಾ ನೋಡಿರುತ್ತಾರೆ. ಕಂಪ್ಯೂಟರಿಗೆ ಆ ಒಡನಾಟ ಇಲ್ಲ. ಅದು ಮೊದಲು ಚಿತ್ರದಲ್ಲಿ ಮುಖ ಎಲ್ಲಿದೆ ಎಂದು ಹುಡುಕುತ್ತದೆ. ಆಮೇಲೆ ಆ ಮುಖವನ್ನು ಅಂಕಿಗಳ ಸಾಲಾಗಿ ಬದಲಿಸುತ್ತದೆ. 2015ರಲ್ಲಿ ಗೂಗಲ್ ಕಂಪನಿಯವರು ಪ್ರಕಟಿಸಿದ 'ಫೇಸ್‌ನೆಟ್' ಎಂಬ ವಿಧಾನದಲ್ಲಿ ಒಂದು ಮುಖಕ್ಕೆ 128 ಅಂಕಿ. ಒಬ್ಬರದೇ ಎರಡು ಫೋಟೋಗಳ ಅಂಕಿಗಳು ಹತ್ತಿರ ಬರಬೇಕು, ಬೇರೆಯವರವು ದೂರ ಇರಬೇಕು ಎಂದು ಲಕ್ಷಗಟ್ಟಲೆ ಫೋಟೋ ತೋರಿಸಿ ಅದಕ್ಕೆ ಕಲಿಸಿರುತ್ತಾರೆ. ಹೀಗಾಗಿ ಹೊಸಬರ ಒಂದೇ ಫೋಟೋ ಕೊಟ್ಟರೂ ಅದು ಅಂಕಿ ತೆಗೆದು ಹೋಲಿಸಬಲ್ಲದು.

ಆದರೆ ಒಂದು ಮಾತು ನೆನಪಿಡಿ. ಅದು "ಇವನೇ ಅವನು" ಎಂದು ಹೇಳುವುದಿಲ್ಲ, "ಇಷ್ಟು ಹೋಲುತ್ತದೆ" ಎಂದಷ್ಟೇ ಹೇಳುತ್ತದೆ. ಎಷ್ಟು ಹೋಲಿದರೆ ಸಾಕು ಎಂದು ಗೆರೆ ಎಳೆಯುವವರು ಮನುಷ್ಯರೇ.

ಚುಕ್ಕಿಗಳ ಲೆಕ್ಕ

ಕ್ಯಾಮೆರಾದ ಚಿತ್ರ ಅಂದರೆ ಸಣ್ಣ ಸಣ್ಣ ಚುಕ್ಕಿಗಳ ರಂಗೋಲಿ. ಅಡ್ಡಕ್ಕೆ 1920 ಚುಕ್ಕಿ ಇರುವ ಕ್ಯಾಮೆರಾ 20 ಮೀಟರ್ ಅಗಲದ ಬಯಲನ್ನು ನೋಡುತ್ತಿದ್ದರೆ ಒಂದು ಮೀಟರಿಗೆ 96 ಚುಕ್ಕಿ. 15 ಸೆಂಟಿಮೀಟರ್ ಅಗಲದ ಮುಖಕ್ಕೆ ಬರುವುದು ಬರೀ 14! ಅದರಲ್ಲಿ ಕಣ್ಣು ಯಾವುದು, ಮೂಗು ಯಾವುದು? ಅದೇ ಕ್ಯಾಮೆರಾ 2 ಮೀಟರ್ ಅಗಲದ ಗೇಟನ್ನು ನೋಡಿದರೆ ಅದೇ ಮುಖಕ್ಕೆ 144 ಚುಕ್ಕಿ ಸಿಗುತ್ತವೆ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರ್ 1ರಂದು 'ಡಿಜಿ ಯಾತ್ರಾ' ಶುರುವಾಯಿತು. ಅಲ್ಲಿ ಪ್ರಯಾಣಿಕರೇ ಮೊದಲು ತಮ್ಮ ಫೋಟೋ ಕೊಟ್ಟು, ಗೇಟಿನ ಮುಂದೆ ನೆಟ್ಟಗೆ ನಿಂತು ಕ್ಯಾಮೆರಾ ನೋಡುತ್ತಾರೆ. ಅಲ್ಲಿ ಯಂತ್ರದ ಕೆಲಸ ಸುಲಭ. ಜಾತ್ರೆಯಲ್ಲಿ ಹಂಗ ಯಾರು ನಿಲ್ತಾರ? ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಟೋಪಿ, ಸೆರಗು, ನೆರಳು, ಧೂಳೇ ಹೆಚ್ಚು ಕಾಣುತ್ತವೆ.

2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸ್ಫೋಟವಾಯಿತು. ಶಂಕಿತನ ಚಿತ್ರ ಕ್ಯಾಮೆರಾದಲ್ಲಿ ಸಿಕ್ಕಿತ್ತು. ಆದರೆ ತಲೆಗೆ ಟೋಪಿ, ಬಾಯಿಗೆ ಮಾಸ್ಕ್. ರಾಷ್ಟ್ರೀಯ ತನಿಖಾ ದಳ ಸುಳಿವು ಕೊಟ್ಟವರಿಗೆ 10 ಲಕ್ಷ ರೂಪಾಯಿ ಬಹುಮಾನ ಸಾರಿ ಜನರನ್ನೇ ಕೇಳಿತು. ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಇಬ್ಬರು ಆರೋಪಿಗಳ ಬಂಧನವಾಯಿತು.

ತಪ್ಪಿದರೆ ಏನಾಗುತ್ತದೆ?

ಸಾವಿರಕ್ಕೆ ಒಂದೇ ಸಲ ತಪ್ಪುವ ಯಂತ್ರ ಇದೆ ಅಂತ ಇಟ್ಟುಕೊಳ್ಳಿ. ಜಾತ್ರೆಯ ಒಂದು ಲಕ್ಷ ಮುಖ ನೋಡಿದರೆ ಅದು 100 ಜನ ಬೇರೆಯವರನ್ನು "ಇವರೇ" ಎಂದು ತೋರಿಸುತ್ತದೆ. ಕೂಸನ್ನು ಹುಡುಕುವಾಗ ಹಿಂಗಾದರೆ ಹೊತ್ತು ಹೋಗುತ್ತದೆ ಅಷ್ಟೆ. ಕಳ್ಳನನ್ನು ಹುಡುಕುವಾಗ?

ಅಮೆರಿಕದ ಡೆಟ್ರಾಯಿಟ್ ಊರಿನಲ್ಲಿ ಅಂಗಡಿ ಕಳ್ಳತನದ ಮಬ್ಬು ವಿಡಿಯೋ ಚಿತ್ರಕ್ಕೆ ಯಂತ್ರ ರಾಬರ್ಟ್ ವಿಲಿಯಮ್ಸ್ ಎಂಬುವರ ಹಳೇ ಲೈಸೆನ್ಸ್ ಫೋಟೋ ಹೊಂದಿಸಿತು. 2020ರ ಜನವರಿಯಲ್ಲಿ ಹೆಂಡತಿ ಮಕ್ಕಳ ಎದುರಿಗೇ ಕೈಕೋಳ ಹಾಕಿ ಒಯ್ದರು. ಸುಮಾರು 30 ತಾಸು ಕೂಡಿಹಾಕಿದರು. ಅವರು ಕಳ್ಳರೇ ಅಲ್ಲ! ಯಂತ್ರದ ಹೋಲಿಕೆಯೊಂದನ್ನೇ ನಂಬಿ ಯಾರನ್ನೂ ಬಂಧಿಸುವುದಿಲ್ಲ ಎಂದು 2024ರಲ್ಲಿ ಅಲ್ಲಿನ ಪೊಲೀಸರು ಒಪ್ಪಿಕೊಂಡರು.

ನಾವು ಮಾಡಬೇಕಾದ್ದು

1. ಸಣ್ಣ ಮಕ್ಕಳ ಮುಖ ಬೇಗ ಬದಲಾಗುತ್ತದೆ. ಆರು ತಿಂಗಳಿಗೊಮ್ಮೆ ಹೊಸ ಫೋಟೋ ತೆಗೆದಿಡಬೇಕು.
2. ಒಂದೇ ಫೋಟೋ ಸಾಲದು. ಎದುರಿನಿಂದ ಒಂದು, ಎಡಕ್ಕೊಂದು, ಬಲಕ್ಕೊಂದು, ಬೆಳಕಿನಲ್ಲಿ ತೆಗೆಯಬೇಕು. ಮೊಬೈಲಿನಲ್ಲಿ ಬಣ್ಣ ತಿದ್ದಿದ ಫೋಟೋ ಬೇಡ.
3. ಜಾತ್ರೆಗೆ ಹೊರಡುವ ಮುಂಜಾನೆ ಆ ದಿನದ ಬಟ್ಟೆಯಲ್ಲೇ ಒಂದು ಫೋಟೋ ತೆಗೆಯಿರಿ. ದೂರದ ಕ್ಯಾಮೆರಾದಲ್ಲಿ ಮುಖಕ್ಕಿಂತ ಅಂಗಿಯ ಬಣ್ಣ ಬೇಗ ಸಿಗುತ್ತದೆ.
4. ಕೂಸಿನ ಕಿಸೆಯಲ್ಲಿ ಫೋನ್ ನಂಬರಿನ ಚೀಟಿ ಇಡಿ. ಕಾಣದಾದರೆ ತಡಮಾಡದೆ ಪೊಲೀಸರಿಗೆ (112) ಅಥವಾ ಮಕ್ಕಳ ಸಹಾಯವಾಣಿಗೆ (1098) ತಿಳಿಸಿ.
5. "ಕ್ಯಾಮೆರಾದಾಗ ಇವನೇ ಕಂಡಾನ" ಎಂದು ಯಾರಾದರೂ ಅಂದರೆ, "ಮತ್ತೇನು ಸಾಕ್ಷಿ ಅದ?" ಎಂದು ಕೇಳುವುದನ್ನು ಮರೆಯಬೇಡಿ.

ನಿಮಗೊಂದು ಲೆಕ್ಕ: ನಮ್ಮ ಶಾಲೆಯ ಗೇಟಿನ ಅಗಲ ಅಳೆಯಿರಿ. 1920 ಚುಕ್ಕಿಯ ಕ್ಯಾಮೆರಾ ಗೇಟನ್ನಷ್ಟೇ ನೋಡಿದರೆ ನಿಮ್ಮ ಮುಖಕ್ಕೆ ಎಷ್ಟು ಚುಕ್ಕಿ? ಉತ್ತರ ಬರೆದು ಗುರುಗಳಿಗೆ ತೋರಿಸಿರಿ.