ಎತ್ತಿದ ಕೈ ತಡೆಯುವ ವಿಜ್ಞಾನ

ಸಂಜೆ ಹೊತ್ತಿಗೆ ಕಲಬುರಗಿ ಜಿಲ್ಲೆಯ ಕೋಡ್ಲಾದ ರಸ್ತೆ ಬದಿಯಲ್ಲಿ ನಿಂತು ನೋಡಿ. ಸಾಲುಗಟ್ಟಿದ ಸಿಮೆಂಟ್ ಲಾರಿಗಳು, ಪಾಳಿ ಮುಗಿಸಿ ಮೈಮೇಲಿನ ಬೂದುಬಣ್ಣದ ಧೂಳು ಕೊಡವುತ್ತ ಬರುವ ಗುತ್ತಿಗೆ ಕಾರ್ಮಿಕರು, ಚಹಾದ ಅಂಗಡಿ ಮುಂದೆ ಬೈಕು ನಿಲ್ಲಿಸಿ ಮೊಬೈಲು ನೋಡುತ್ತ ಕೂತ ಹುಡುಗರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲಿ ಹೋದರೂ ಇದೇ ನೋಟ.

ಅಲ್ಲಿ ಒಂದು ಜಗಳ ಹುಟ್ಟಿತು ಎಂದುಕೊಳ್ಳಿ. ಒಬ್ಬನ ಬೈಕು ಇನ್ನೊಬ್ಬನ ಕಾಲಿಗೆ ತುಸು ತಾಗಿತು. ‘ಏನ್ ನೋಡ್ಲತ್ತೀ?’ ಎಂದು ಇವ. ‘ನೀ ಏನ್ ನೋಡ್ಲತ್ತೀ?’ ಎಂದು ಅವ. ಸುತ್ತ ನಾಲ್ಕು ಗೆಳೆಯರು ಸೇರಿದರು, ಒಬ್ಬ ಮೊಬೈಲಿನಲ್ಲಿ ವಿಡಿಯೊ ಹಿಡಿದ. ಕೈ ಇನ್ನೇನು ಮೇಲೆದ್ದಿತು. ಅಷ್ಟರಲ್ಲಿ ಚಹಾದಂಗಡಿಯ ಹಿರಿಯ ಎದ್ದು ಬಂದು ಒಬ್ಬನ ಹೆಗಲ ಮೇಲೆ ಕೈ ಹಾಕಿದ. ‘ಏ ತಮ್ಮಾ, ಬಾ ಇಲ್ಲಿ. ಮೊದಲು ಚಾ ಕುಡಿ, ಆಮ್ಯಾಲ ಮಾತಾಡಮ್’ ಎನ್ನುತ್ತ ಅಂಗಡಿಯ ಒಳಗೆ ಕರೆದೊಯ್ದ. ಐದು ನಿಮಿಷದಲ್ಲಿ ಗುಂಪು ಕರಗಿತು.

ಆ ಹಿರಿಯ ಮನೋವಿಜ್ಞಾನ ಓದಿದವನಲ್ಲ. ಆದರೂ ಆತ ಮೂರು ಕೆಲಸ ಮಾಡಿದ. ಸಿಟ್ಟಿಗೆ ಆರುವಷ್ಟು ಹೊತ್ತು ಕೊಟ್ಟ. ನೋಡುವ ಕಣ್ಣುಗಳಿಂದ ಹುಡುಗನನ್ನು ಬದಿಗೆ ಕರೆದ. ಹುಡುಗ ಮಾತು ಕೇಳುವಷ್ಟು ಹತ್ತಿರದವನಾಗಿದ್ದ. ಕಳೆದ ಎರಡೂವರೆ ದಶಕಗಳಲ್ಲಿ ಯುವಜನರ ಹಿಂಸೆಯ ಬಗ್ಗೆ ನಡೆದ ಸಂಶೋಧನೆಗಳು ಸುತ್ತಿ ಬಳಸಿ ಈ ಮೂರು ಸಂಗತಿಗಳ ಬಳಿಗೇ ಬಂದಿವೆ. ಊರಿನ ಅದೃಷ್ಟಕ್ಕೆ ಒಬ್ಬ ಹಿರಿಯ ಅಲ್ಲಿದ್ದ. ಆತ ಇಲ್ಲದ ದಿನವೂ ಆ ಕೈ ನಿಲ್ಲುವಂತೆ ಮಾಡಬಹುದೇ? ಮಾಡಬಹುದು, ಆ ಕೆಲಸವನ್ನು ಕಲಿಸಲು ಬರುತ್ತದೆ ಎಂಬುದಕ್ಕೆ ಈಗ ಗಟ್ಟಿ ಪುರಾವೆಗಳಿವೆ.

ಸೋಂಕಿನಂತೆ ಹರಡುವ ಜಗಳ

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಹಿಂಸೆಯ ಬಗ್ಗೆ ದೊಡ್ಡದೊಂದು ಜಾಗತಿಕ ವರದಿ ಹೊರತಂದಿತು. ಹಿಂಸೆ ಬರೀ ಪೊಲೀಸರ ವಿಷಯವಲ್ಲ, ಮಲೇರಿಯಾ, ಕ್ಷಯದ ಹಾಗೆ ತಡೆಯಬಹುದಾದ ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂಬುದು ಅದರ ತಿರುಳು. ಅದೇ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 15ರಿಂದ 29 ವಯಸ್ಸಿನ ಸುಮಾರು 1.9 ಲಕ್ಷ ಮಂದಿ ಕೊಲೆಯಾಗುತ್ತಾರೆ.

ಈ ನೋಟವನ್ನು ಬೀದಿಗೆ ಇಳಿಸಿದವರಲ್ಲಿ ಮುಖ್ಯರು ಅಮೆರಿಕದ ವೈದ್ಯ ಗ್ಯಾರಿ ಸ್ಲಟ್‌ಕಿನ್. ಸೊಮಾಲಿಯಾದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ, ಕ್ಷಯದ ವಿರುದ್ಧ ದುಡಿದು 1990ರ ದಶಕದಲ್ಲಿ ತಾಯ್ನಾಡಿಗೆ ಮರಳಿದ ಅವರು ಶಿಕಾಗೊ ನಗರದ ಗುಂಡಿನ ದಾಳಿಗಳ ನಕ್ಷೆ ನೋಡಿದರು. ಅದು ಕಾಲರಾ ನಕ್ಷೆಯಂತೆಯೇ ಕಂಡಿತು. ಒಂದು ಪ್ರಕರಣದ ಪಕ್ಕದಲ್ಲೇ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಹೊಡೆತ ತಿಂದವನು ಹೊಡೆಯುತ್ತಾನೆ, ಅದನ್ನು ನೋಡಿದವನು ಕಲಿಯುತ್ತಾನೆ.

ಸಾಂಕ್ರಾಮಿಕ ರೋಗವನ್ನು ತಡೆಯುವ ಕ್ರಮ ಹಳೆಯದು. ಮೊದಲ ರೋಗಿಯನ್ನು ಬೇಗ ಪತ್ತೆ ಹಚ್ಚಿ, ಸೋಂಕು ತಗಲುವ ಅಪಾಯ ಯಾರಿಗೆ ಹೆಚ್ಚೋ ಅವರ ಜೊತೆ ಕೆಲಸ ಮಾಡಿ, ಇಡೀ ಓಣಿಯ ರೂಢಿ ಬದಲಿಸಿ. ಸ್ಲಟ್‌ಕಿನ್ 2000ನೇ ಇಸವಿಯಲ್ಲಿ ಶಿಕಾಗೊದ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಬಡಾವಣೆಯಲ್ಲಿ ಶುರು ಮಾಡಿದ ಯೋಜನೆ ಈ ಮೂರನ್ನೇ ಮಾಡಿತು. ಆರೋಗ್ಯ ಕಾರ್ಯಕರ್ತರ ಜಾಗದಲ್ಲಿ ಅವರು ನಿಲ್ಲಿಸಿದ್ದು ಅದೇ ಓಣಿಯಲ್ಲಿ ಬೆಳೆದವರನ್ನು. ಅವರಲ್ಲಿ ಎಷ್ಟೋ ಮಂದಿ ಹಿಂದೊಮ್ಮೆ ಅದೇ ಜಗಳಗಳಲ್ಲಿ ಬಿದ್ದೆದ್ದವರು. ಯಾರ ಮನೆಯಲ್ಲಿ ಸೇಡು ಕುದಿಯುತ್ತಿದೆ ಎಂಬ ಸುದ್ದಿ ಪೊಲೀಸರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಬೇರೆ ನಗರಗಳು ಇದನ್ನು ಅನುಸರಿಸಿದಾಗ ಫಲ ಎಲ್ಲ ಕಡೆ ಒಂದೇ ಸಮ ಬರಲಿಲ್ಲ. ಬೀದಿಗಿಳಿಯುವವರ ಮೇಲೆ ಓಣಿಗೆ ನಂಬಿಕೆ ಇರುವ ಕಡೆ ಮಾತ್ರ ಇಂಥ ಕೆಲಸ ಬೇರು ಬಿಡುತ್ತದೆ.

ಗೆಳೆಯರು ನೋಡುತ್ತಿದ್ದಾಗ

ಹರೆಯದ ಮಿದುಳಿನ ಕಡೆ ಬರೋಣ. ಅಪಾಯ ಕಂಡ ಕೂಡಲೇ ಎಚ್ಚರಿಸುವ ಬಾದಾಮಿ ಆಕಾರದ ಅಮಿಗ್ಡಾಲ ಮಿದುಳಿನ ಒಳಭಾಗದಲ್ಲಿದೆ. ‘ತಡಿ, ವಿಚಾರ ಮಾಡು’ ಎಂದು ಲಗಾಮು ಎಳೆಯುವ ಭಾಗ ಹಣೆಯ ಹಿಂದಿದೆ. ಈ ಲಗಾಮು ಪೂರ್ತಿ ಬಲಿಯುವುದು ಇಪ್ಪತ್ತರ ನಡುವಿನ ವಯಸ್ಸಿಗೆ. ಹದಿನೇಳರ ಹುಡುಗನಲ್ಲಿ ಕುದುರೆಗೆ ಬಲ ಬಂದಿರುತ್ತದೆ, ಲಗಾಮು ಇನ್ನೂ ಎಳೆಯದು. ಅದರ ಮೇಲೆ ಮದ್ಯ ಬಿದ್ದರೆ ಇದ್ದ ಲಗಾಮೂ ಸಡಿಲ.

ಇಲ್ಲಿ ಗೆಳೆಯರ ಪಾತ್ರ ದೊಡ್ಡದು. ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ 306 ಮಂದಿಗೆ ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟರು. ಹಳದಿ ದೀಪ ಬಿದ್ದಾಗ ನಿಲ್ಲಿಸಬೇಕೋ, ಇನ್ನಷ್ಟು ಮುಂದೆ ನುಗ್ಗಬೇಕೋ ಎಂಬುದು ಆಡುವವರ ತೀರ್ಮಾನ. ಒಂಟಿಯಾಗಿ ಆಡುವಾಗ 13ರಿಂದ 16ರ ಮಕ್ಕಳಿಗೂ 24 ದಾಟಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗೆಳೆಯರು ಪಕ್ಕದಲ್ಲಿ ಕೂತು ನೋಡತೊಡಗಿದಾಗ ಮಕ್ಕಳು ಜೋರಾಗಿ ನುಗ್ಗಿದರು, ದೊಡ್ಡವರು ಇದ್ದ ಹಾಗೇ ಇದ್ದರು. ಚಹಾದಂಗಡಿಯ ಹಿರಿಯ ಹುಡುಗನನ್ನು ಒಳಗೆ ಕರೆದೊಯ್ದು ತಪ್ಪಿಸಿದ್ದು ಈ ನೋಡುಗರ ಕಣ್ಣುಗಳನ್ನೇ. ಇಂದು ಪ್ರತಿಯೊಬ್ಬನ ಕೈಯಲ್ಲಿ ಮೊಬೈಲಿದೆ. ಅಲ್ಲಿ ನಾಲ್ವರು ನೋಡಿದ ಜಗಳವನ್ನು ರಾತ್ರಿಯೊಳಗೆ ನಾನೂರು ಮಂದಿ ನೋಡುತ್ತಾರೆ. ಅಷ್ಟೂ ಜನರ ಎದುರು ಸೋತೆ ಎಂಬ ಅವಮಾನ ಮರುದಿನದ ಸೇಡಿಗೆ ಉರುವಲಾಗುತ್ತದೆ.

ನಮ್ಮ ಬಿಸಿಲನ್ನೂ ಇಲ್ಲಿ ನೆನೆಯಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ಕ್ಕೆ ತರುವಷ್ಟು ಸುಡುವ ನಾಡು ಕಲಬುರಗಿ. ಹವಾಮಾನ ಮತ್ತು ಸಂಘರ್ಷದ ಬಗ್ಗೆ ನಡೆದ 60 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ವಾಡಿಕೆಯನ್ನು ಮೀರಿ ಸೆಕೆ ಏರಿದ ದಿನಗಳಲ್ಲಿ ಜನರ ನಡುವಿನ ಹಿಂಸೆಯೂ ಏರುತ್ತದೆ ಎಂದು ತೋರಿಸಿತು. ಕೆಲಸವಿಲ್ಲದ ಹುಡುಗರಿಗೆ ಬೇಸಿಗೆಯ ಸಂಜೆಗಳಲ್ಲಿ ನೆರಳು, ತಣ್ಣೀರು, ಆಟದ ಅಂಗಳ ಒದಗಿಸುವುದು ಹಿಂಸೆ ತಡೆಯುವ ಕೆಲಸವೇ ಹೌದು.

ಮೂವತ್ತು ಸೆಕೆಂಡಿನ ಪಾಠ

ಶಿಕಾಗೊದ ಶಾಲೆಗಳಲ್ಲಿ ‘ಬಿಕಮಿಂಗ್ ಎ ಮ್ಯಾನ್’ ಎಂಬ ಕಾರ್ಯಕ್ರಮ ನಡೆಯುತ್ತದೆ. ಅದರ ಮೊದಲ ಪಾಠಗಳಲ್ಲೊಂದು ಬಲು ಸರಳ. ಹುಡುಗರನ್ನು ಇಬ್ಬಿಬ್ಬರಾಗಿ ಕೂರಿಸಿ ಒಬ್ಬನ ಮುಷ್ಟಿಗೆ ಒಂದು ಚೆಂಡು ಕೊಡುತ್ತಾರೆ. ಅದನ್ನು ಪಡೆಯಲು ಇನ್ನೊಬ್ಬನಿಗೆ 30 ಸೆಕೆಂಡು. ಹೇಗೆ ಎಂದು ಹೇಳುವುದಿಲ್ಲ. ಶಿಳ್ಳೆ ಊದಿದ್ದೇ ತಡ, ಕೋಣೆಯಲ್ಲಿ ಎಳೆದಾಟ, ನೂಕಾಟ, ಬೆರಳು ತಿರುಚುವುದು. ಬಹುತೇಕ ಯಾರಿಗೂ ಚೆಂಡು ಸಿಗುವುದಿಲ್ಲ. ಆಗ ಮಾರ್ಗದರ್ಶಕ ಕೇಳುತ್ತಾನೆ, ‘ಚೆಂಡು ಕೊಡು ಅಂತ ಯಾರಾದರೂ ಕೇಳಿದಿರಾ?’ ಯಾರೂ ಕೇಳಿರುವುದಿಲ್ಲ. ಕೇಳಿದರೆ ತನ್ನನ್ನು ಅಂಜುಬುರುಕ ಎಂದುಕೊಳ್ಳುತ್ತಾರೆ ಎಂಬ ಅಳುಕು ಇವನಿಗೆ. ಕೇಳಿದ್ದರೆ ಕೊಟ್ಟೇಬಿಡುತ್ತಿದ್ದೆ ಎಂಬುದು ಅವನ ಉತ್ತರ. ಎದುರಿನವನ ಮನಸ್ಸಿನಲ್ಲಿ ಏನಿದೆ ಎಂದು ತಾನು ಊಹಿಸಿದ್ದು ತಪ್ಪು ಎಂದು ಹುಡುಗ ಕಲಿಯುವುದು ಆ ಗಳಿಗೆಯಲ್ಲಿ.

ಮಿದುಳಿನ ‘ತನ್ನಿಂತಾನೇ’ ಆಗುವ ಪ್ರತಿಕ್ರಿಯೆಯನ್ನು ನಿಧಾನಿಸುವ ಅಭ್ಯಾಸ ಇದು. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಚೀಟಿ ಎತ್ತಿದಂತೆ ಹುಡುಗರನ್ನು ಎರಡು ಗುಂಪು ಮಾಡಿ ಹೋಲಿಸಿದರು. ಕಾರ್ಯಕ್ರಮ ನಡೆಯುವ ಅವಧಿಯಲ್ಲಿ ಭಾಗವಹಿಸಿದವರ ಹಿಂಸಾ ಪ್ರಕರಣಗಳ ಬಂಧನ ಶೇ 45ರಿಂದ 50ರಷ್ಟು ತಗ್ಗಿತ್ತು. ಕಾರ್ಯಕ್ರಮ ನಿಂತ ಮೇಲೆ ಆ ಫಲವೂ ಮಾಸಿತು. ಒಂದು ದಿನದ ಶಿಬಿರ, ಒಂದು ಭಾಷಣ, ಒಂದು ಫೋಟೊದಿಂದ ಏನೂ ಆಗದು ಎಂಬ ಪಾಠವೂ ಇದರಲ್ಲಿದೆ.

ಫಲ ಉಳಿಯಬೇಕಾದರೆ ಏನು ಬೇಕು? ಉತ್ತರ ಬಂದದ್ದು ಪಶ್ಚಿಮ ಆಫ್ರಿಕಾದ ಲೈಬೀರಿಯಾದಿಂದ. ರಾಜಧಾನಿ ಮೊನ್ರೋವಿಯಾದಲ್ಲಿ ಕಳ್ಳತನ, ಹೊಡೆದಾಟದಲ್ಲಿದ್ದ 999 ಯುವಕರಲ್ಲಿ ಕೆಲವರಿಗೆ ಎಂಟು ವಾರಗಳ ಮನೋತರಬೇತಿ, ಕೆಲವರಿಗೆ 200 ಡಾಲರ್ ಹಣ, ಕೆಲವರಿಗೆ ಎರಡೂ ಸಿಕ್ಕವು. ಬರೀ ತರಬೇತಿಯ ಫಲ ವರ್ಷದೊಳಗೆ ತೆಳುವಾಯಿತು, ಬರೀ ಹಣದ ಫಲವೂ ಕರಗಿತು. ಎರಡೂ ಪಡೆದವರಲ್ಲಿ ಹತ್ತು ವರ್ಷಗಳ ನಂತರವೂ ಅಪರಾಧ ಕೃತ್ಯಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಮನಸ್ಸು ತಿದ್ದಿಕೊಂಡವನಿಗೆ ಹೊಸ ಬದುಕು ನಡೆಸಿ ನೋಡಲು ಕೈಯಲ್ಲಿ ಒಂದಿಷ್ಟು ಆಸರೆ ಬೇಕು.

ಹೆದರಿಸಿದರೆ ಹೆಚ್ಚುತ್ತದೆ

‘ನಾಲ್ಕು ಬಿಗಿದರೆ ಸರಿಯಾಗ್ತಾರೆ’ ಎಂಬ ಮಾತು ನಮ್ಮಲ್ಲಿ ಸಲೀಸು. ಅಮೆರಿಕದಲ್ಲಿ 1970ರ ದಶಕದಿಂದ ಹದಿಹರೆಯದವರನ್ನು ಜೈಲಿಗೆ ಕರೆದೊಯ್ದು, ಕೈದಿಗಳಿಂದ ಬೆದರಿಸುವ ಕಾರ್ಯಕ್ರಮಗಳು ನಡೆದವು. ಅವುಗಳ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ, ಏನೂ ಮಾಡದೆ ಬಿಟ್ಟವರಿಗಿಂತ ಹೀಗೆ ಹೆದರಿಸಿದ ಮಕ್ಕಳೇ ಹೆಚ್ಚು ಅಪರಾಧಕ್ಕೆ ಇಳಿದದ್ದು ಕಂಡುಬಂತು. ಅವಮಾನದಿಂದ ಹುಟ್ಟಿದ ಹಿಂಸೆಗೆ ಇನ್ನಷ್ಟು ಅವಮಾನ ಮದ್ದಾಗದು.

ಹಾಗಾದರೆ ಈ ಮಕ್ಕಳ ಬಳಿ ಹೋಗಬೇಕಾದವರು ಯಾರು? ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆದ ‘ಸೆಹೆರ್’ ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು, ಇನ್ನು ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಸಮಾಲೋಚಕರು ನಡೆಸಿದರು. ಇವರು ವೈದ್ಯರಲ್ಲ, ಮನಃಶಾಸ್ತ್ರಜ್ಞರೂ ಅಲ್ಲ. ಇವರಿದ್ದ ಶಾಲೆಗಳಲ್ಲಿ ಕಾಟ ಕೊಡುವುದು, ಹೊಡೆಯುವುದು, ಹೊಡೆಸಿಕೊಳ್ಳುವುದು, ಖಿನ್ನತೆ ಎಲ್ಲವೂ ಇಳಿದವು. ಶಿಕ್ಷಕರು ನಡೆಸಿದ ಕಡೆ ಅಂಥ ಬದಲಾವಣೆ ಕಾಣಲಿಲ್ಲ. ಅಂಕ ಕೊಡುವವರ ಮುಂದೆ ಮಕ್ಕಳು ಬಾಯಿ ಬಿಡುವುದು ಕಷ್ಟ.

ಕರ್ನಾಟಕದಲ್ಲಿ ಈ ದಾರಿಗೆ ಬುನಾದಿ ಬಿದ್ದಿದೆ. ಬೆಂಗಳೂರಿನ ನಿಮ್ಹಾನ್ಸ್ ಪ್ರೌಢಶಾಲಾ ಮಕ್ಕಳಿಗಾಗಿ ಜೀವನ ಕೌಶಲಗಳ ಪಾಠಕ್ರಮ ರೂಪಿಸಿತು. ತನ್ನನ್ನು ತಾನು ಅರಿಯುವುದು, ಪರರ ನೋವು ತಿಳಿಯುವುದು, ಸಿಟ್ಟು ಮತ್ತು ಒತ್ತಡವನ್ನು ಸಂಭಾಳಿಸುವುದು ಇವೆಲ್ಲ ಅದರಲ್ಲಿವೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲಾ ಮಟ್ಟದಲ್ಲಿ ‘ಯುವ ಸ್ಪಂದನ’ ಕೇಂದ್ರಗಳನ್ನು ತೆರೆಯಿತು. ಅಲ್ಲಿ ತರಬೇತಿ ಪಡೆದ ‘ಯುವ ಪರಿವರ್ತಕರು’ ತಮ್ಮದೇ ವಯಸ್ಸಿನವರ ಜೊತೆ ಓದು, ಕೆಲಸ, ಪ್ರೀತಿ, ದುಶ್ಚಟ, ಮನಸ್ಸಿನ ಆತಂಕದ ಬಗ್ಗೆ ಮಾತಾಡುತ್ತಾರೆ. ಜಿಲ್ಲಾ ಕೇಂದ್ರದವರೆಗೆ ಬರಲಾಗದ ಕೋಡ್ಲಾದ ಹುಡುಗನ ಬಳಿಗೆ ಅವರು ಬರುವಂತಾಗಬೇಕು ಎಂಬುದೇ ನನ್ನ ಕಳಕಳಿ.

ಸುಣ್ಣದ ಕಲ್ಲಿನ ನಾಡಿನಲ್ಲಿ

ರಾಷ್ಟ್ರಕೂಟರ ರಾಜಧಾನಿ ಮಳಖೇಡದ ಸುತ್ತ ಇಂದು ಕಾಣುವುದು ತೊಗರಿ ಹೊಲ ಮತ್ತು ಸಿಮೆಂಟ್ ಕಾರ್ಖಾನೆಯ ಚಿಮಣಿ. ಶಹಾಬಾದಿನ ಫರ್ಸಿ ಕಲ್ಲು ನಾಡಿನ ಮನೆಮನೆಗಳ ನೆಲ ಹಾಸಿದೆ. ವಾಡಿ, ಸೇಡಂ, ಕೋಡ್ಲಾದ ಸಿಮೆಂಟು ದೂರದ ನಗರಗಳನ್ನು ಕಟ್ಟಿದೆ. ಇಲ್ಲಿನ ಊರುಗಳು ಪೂರ್ತಿ ಪಟ್ಟಣಗಳಾಗಿಲ್ಲ, ಬದುಕು ಮಾತ್ರ ಪಟ್ಟಣದ್ದಾಗಿದೆ. ಹೊಲ ಕಾರ್ಖಾನೆಗೆ ಹೋಯಿತು, ಕೈಗೆ ಬಂದ ಹಣ ಬೈಕಾಯಿತು, ಕಾಯಂ ನೌಕರಿ ಎಲ್ಲರಿಗೂ ಸಿಗಲಿಲ್ಲ. ಒಬ್ಬ ಮಗ ಬೆಂಗಳೂರಿಗೋ ಹೈದರಾಬಾದಿಗೋ ದುಡಿಯಲು ಹೋದರೆ, ಉತ್ತರ ಭಾರತದಿಂದ ಬಂದ ಕೂಲಿಕಾರ ಪಕ್ಕದ ಶೆಡ್ಡಿನಲ್ಲಿ ಇರುತ್ತಾನೆ. ಕನ್ನಡ, ಉರ್ದು, ತೆಲುಗು, ಹಿಂದಿ ಒಂದೇ ಅಂಗಡಿ ಮುಂದೆ ಕೇಳಿಸುತ್ತವೆ. ಅರ್ಥವಾಗದ ಒಂದು ಮಾತು ಬೈಗುಳದಂತೆ ಕೇಳಿಸಲು ಹೆಚ್ಚು ಹೊತ್ತು ಬೇಡ.

ಕೆಲಸಕ್ಕೂ ಹಿಂಸೆಗೂ ಇರುವ ನಂಟನ್ನು ಶಿಕಾಗೊದ ಇನ್ನೊಂದು ಪ್ರಯೋಗ ಅಳೆದಿದೆ. ಕಡುಬಡ ಬಡಾವಣೆಗಳ ಶಾಲೆಗಳ 1,634 ಮಕ್ಕಳಲ್ಲಿ ಕೆಲವರಿಗೆ 2012ರ ಬೇಸಿಗೆಯಲ್ಲಿ ಎಂಟು ವಾರ ಸಂಬಳದ ಕೆಲಸ, ಜೊತೆಗೊಬ್ಬ ಹಿರಿಯ ಮಾರ್ಗದರ್ಶಕ ಸಿಕ್ಕರು. ಮುಂದಿನ 16 ತಿಂಗಳಲ್ಲಿ ಅವರ ಹಿಂಸಾ ಪ್ರಕರಣಗಳ ಬಂಧನ ಶೇ 43ರಷ್ಟು ಕಡಿಮೆಯಾಗಿತ್ತು. ಇಳಿಕೆಯ ಬಹುಪಾಲು ಕಂಡದ್ದು ಕೆಲಸ ಮುಗಿದ ಮೇಲೆ. ಬಿಡುವಿಲ್ಲದ ಕಾರಣಕ್ಕೆ ಮಾತ್ರ ಅವರು ಜಗಳ ಬಿಟ್ಟಿರಲಿಲ್ಲ, ಒಳಗೇ ಏನೋ ಬದಲಾಗಿತ್ತು.

ಸಂವಿಧಾನದ 371(ಜೆ) ವಿಧಿ ಈ ಭಾಗದವರಿಗೆ ಶಿಕ್ಷಣದಲ್ಲಿ, ಸರ್ಕಾರಿ ಹುದ್ದೆಗಳಲ್ಲಿ ಮೀಸಲು ಪಾಲು ಕೊಟ್ಟಿದೆ. ಪಿಯುಸಿಯಲ್ಲಿ ಫೇಲಾಗಿ ಕಟ್ಟೆ ಮೇಲೆ ಕೂತವನಿಗೆ ಅದು ತಲುಪುವುದಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಆ ಹಣದಲ್ಲಿ ಒಂದು ಪಾಲು ಬೇಸಿಗೆಯ ಎಂಟು ವಾರಗಳ ಕಲಿಕೆ-ಕೆಲಸಕ್ಕೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸಂಜೆಯ ಮಾತುಕತೆಗೆ, ಕಬಡ್ಡಿ-ಕ್ರಿಕೆಟ್ ತರಬೇತುದಾರರಿಗೆ ಹೋಗಲಿ. ಮುಂಬೈಯ ‘ಪರಿವರ್ತನ’ ಯೋಜನೆಯಲ್ಲಿ ಕ್ರಿಕೆಟ್ ಕೋಚ್‌ಗಳೇ ಹುಡುಗರಿಗೆ ಹೆಣ್ಣುಮಕ್ಕಳ ಗೌರವದ ಪಾಠ ಹೇಳಿದರು, ಹುಡುಗರ ನಿಲುವು ಸುಧಾರಿಸಿತು. ಬೀದಿಯ ಹಿಂಸೆ ತಡೆಯುವ ಕೆಲಸ ಮನೆಯೊಳಗಿನ ಹಿಂಸೆಯನ್ನು ಬಿಟ್ಟು ಪೂರ್ತಿಯಾಗದು.

ಈಗ ಆ ಚಹಾದಂಗಡಿಗೆ ಮರಳೋಣ. ಒಳಗೆ ಕೂತು ಚಹಾ ಕುಡಿದವನ ಸಿಟ್ಟು ಆರಿತು. ಇನ್ನೊಬ್ಬ ಏನಾದ? ಅವನು ಗೆಳೆಯರ ನಡುವೆ ಬೈಕು ಹತ್ತಿ ಹೋದ. ಅವನ ಮೊಬೈಲಿನಲ್ಲಿ ಆ ವಿಡಿಯೊ ಇದೆ. ರಾತ್ರಿಯಿಡೀ ಅವನು ಅದನ್ನೇ ನೋಡಬಹುದು. ನಾಳೆ ಬೆಳಿಗ್ಗೆ ಅವನ ಮನೆ ಬಾಗಿಲಿಗೆ ಯಾರೋ ಒಬ್ಬರು ಹೋಗಬೇಕು. ಅದೇ ಓಣಿಯ ಅಣ್ಣನಾಗಿರಲಿ, ಕಬಡ್ಡಿ ಕಲಿಸುವವರಾಗಿರಲಿ, ಯುವ ಪರಿವರ್ತಕರಾಗಿರಲಿ. ನ್ಯಾಯ ಹೇಳಲು ಅಲ್ಲ, ‘ಊಟ ಆಯ್ತೇನ್ಪಾ?’ ಎಂದು ಕೇಳಲು. ಅವನ ಮನಸ್ಸು ತೀರಾ ಕದಡಿದ್ದರೆ ಉಚಿತವಾಗಿ ಮಾತಾಡಲು ಟೆಲಿ-ಮಾನಸ್‌ನ 14416 ಇದೆ, ಮಕ್ಕಳಿಗೆ 1098 ಇದೆ ಎಂದು ಅವನಿಗೆ ತಿಳಿಸಲು. ಕ್ಷಯದ ಗುಳಿಗೆ ತಪ್ಪಿಸಿದವನ ಮನೆಗೆ ಆಶಾ ಕಾರ್ಯಕರ್ತೆ ಹೋಗುವ ಹಾಗೆ, ಸಿಟ್ಟು ನುಂಗಿ ಮಲಗಿದವನ ಮನೆಗೂ ಒಬ್ಬರು ಹೋಗುವ ಏರ್ಪಾಡು ಪ್ರತಿ ಊರಿಗೂ ಬರಬೇಕು. ಕೋಡ್ಲಾದಿಂದಲೇ ಅದು ಶುರುವಾಗಲಿ.