ಹೆರಿಗೆ ರಜೆಯಿಂದ ಮರಳುವ ಗುತ್ತಿಗೆ ಮಹಿಳಾ ನೌಕರರ ಸೇವೆ ಮತ್ತು ವೇತನ ಕುರಿತು

ರಜೆಯ ನಡುವೆ ಗುತ್ತಿಗೆ ಅವಧಿ ಮುಗಿಯಿತೆಂಬ ಕಾರಣಕ್ಕೆ ರಜಾ ವೇತನ ನಿರಾಕರಿಸಿ ಹಿಂಬರಹ ನೀಡುವುದು ಕಾನೂನುಸಮ್ಮತವಲ್ಲ. ಸೌಲಭ್ಯವು ಪೂರ್ಣಾವಧಿಗೆ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಕವಿತಾ ಯಾದವ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದರೆ ಈ ತೀರ್ಪು ಗುತ್ತಿಗೆಯನ್ನು ನವೀಕರಿಸುವುದಿಲ್ಲ ಎಂಬುದನ್ನೂ ನೌಕರರು ಅರಿತಿರಬೇಕು.

ಕಾನೂನಿನನ್ವಯ, ಹೆರಿಗೆಯ ನಿರೀಕ್ಷಿತ ದಿನಾಂಕದ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದವರು ಅರ್ಹರು. ಮೊದಲ ಎರಡು ಮಕ್ಕಳಿಗೆ ರಜೆ 26 ವಾರ. ರಜೆಯಲ್ಲಿರುವಾಗ ವಜಾಗೊಳಿಸುವುದೂ ಸೇವಾ ಷರತ್ತುಗಳನ್ನು ಪ್ರತಿಕೂಲವಾಗಿ ಬದಲಿಸುವುದೂ ನಿಷಿದ್ಧ. ಬದಲಿ ಸಿಬ್ಬಂದಿಯನ್ನು ನೇಮಿಸಿಕೊಂಡಿದೆ ಎಂಬುದು ಸಮಜಾಯಿಷಿಯಾಗದು. ಕರ್ತವ್ಯಕ್ಕೆ ಮರಳಿದ ಬಳಿಕ, ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆರಡು ಹಾಲೂಡಿಸುವ ವಿರಾಮಗಳಿಗೆ ವೇತನ ಕಡಿತವಿಲ್ಲ. ವಜಾ ಆದೇಶ ತಲುಪಿದಲ್ಲಿ 60 ದಿನಗಳೊಳಗೆ ನಿಗದಿತ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.